ಚಕ್ರಪಾಣಿಯವರ ಸಹಪಂಕ್ತಿ

ಶ್ಯಾಮಸುಂದರ ನೀರು ಕುಡಿದದ್ದೇ ಎಲ್ಲ ಅನರ್ಥಕ್ಕೂ ಕಾರಣವಾಯಿತು.

ರಾಜಾಜಿನಗರದ ಹೊಸ ಬಡಾವಣೆಯ ಅಂಚಿನಲ್ಲಿ, ಕೆಂಪು ಮಣ್ಣಿನ ರಸ್ತೆ ಮುಗಿದು ರಾಗಿ ಹೊಲ ತೊಡಗುವಲ್ಲಿದ್ದ ಆ ಕಾಲೇಜಿನಲ್ಲಿ ಅಲ್ಲಿಯತನಕ ಕುಡಿಯುವ ನೀರಿಗೆ ಮೂರು ಮಡಕೆಗಳಿದ್ದವು. ಎರಡು ಹಜಾರದ ಎರಡು ಮೂಲೆಗಳಲ್ಲಿ. ಮೂರನೆಯದು ಹೊರಗೆ, ಬೇವಿನ ಮರದ ಬುಡದಲ್ಲಿ. ಯಾವ ಮಡಕೆ ಯಾರದೆಂದು ಯಾರೂ ಬೋರ್ಡು ಬರೆಸಿರಲಿಲ್ಲ. ಬರೆಸುವ ಅಗತ್ಯವೂ ಇರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಅಸ್ಪೃಶ್ಯತೆ ಅಪರಾಧವೆಂಬ ಶಾಸನವೂ ಬಂದಿತ್ತು. ಬಾಯಾರಿಕೆಯ ಜಾತಿ ಮಾತ್ರ ಹೋಗಿರಲಿಲ್ಲ. ಹೆಬ್ಬಾಗಿಲ ಮೇಲೆ ಸರಸ್ವತಿಯನ್ನು ಕೆತ್ತಿಸಿ ಒಳಗೆ ಇಂಥ ಏರ್ಪಾಟು ಮಾಡಿಕೊಂಡವರಿಗೆ ನಾಚಿಕೆಯಾಗಬೇಕಿತ್ತು. ಒಬ್ಬರಿಗೆ ಆಯಿತು. ಪ್ರಿನ್ಸಿಪಾಲ್ ರೇವಣಸಿದ್ದಪ್ಪನವರು ಒಂದು ಸೋಮವಾರ ಬೆಳಿಗ್ಗೆ ಮೂರು ಮಡಕೆಗಳನ್ನೂ ಒಡೆಸಿ, ಹಜಾರದ ನಟ್ಟನಡುವೆ ಒಂದೇ ಒಂದು ದೊಡ್ಡ ಗುಡಾಣವನ್ನು ಇಡಿಸಿದರು.

ಎಲ್ಲರೂ ಗುಡಾಣದ ಸುತ್ತ ನೆರೆದರು. ಸೋಜಿಗವೆಂದರೆ, ಆ ದಿನ ಯಾರೊಬ್ಬರಿಗೂ ದಾಹವಿರಲಿಲ್ಲ.

ಆಗ ಇಂಗ್ಲಿಷ್ ಅಧ್ಯಾಪಕ ಶ್ಯಾಮಸುಂದರ ಮುಂದೆ ಬಂದ. ಶ್ರೀಗಂಧದ ಕಾವಲೆಂಬ ಹಳ್ಳಿಯಿಂದ ನಡೆದು ಬರುತ್ತಿದ್ದ, ನಿನ್ನೆಯವರೆಗೂ ಬೇವಿನ ಮರದ ಮಡಕೆಯವನಾಗಿದ್ದ ವಿದ್ಯಾರ್ಥಿ ಅಂಜಿನಯ್ಯ ನೀರು ಮೊಗೆದು ಕೊಟ್ಟ. ಶ್ಯಾಮಸುಂದರ ಲೋಟವನ್ನು ಎತ್ತಿ ಹಿಡಿದು ಗಂಟಲಿಗೆ ಸುರಿದುಕೊಳ್ಳಲಿಲ್ಲ. ತುಟಿಗೆ ಕಚ್ಚಿಕೊಂಡೇ ಕುಡಿದ. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದ. ಚಪ್ಪಾಳೆಗೆ ಹಜಾರದ ಪಾರಿವಾಳಗಳು ಹಾರಿಹೋದವು.

ಕಂಬದ ಮರೆಯಲ್ಲಿದ್ದ ತರ್ಕಶಾಸ್ತ್ರದ ಅಧ್ಯಾಪಕ ಚಕ್ರಪಾಣಿಯವರಿಗೆ ಒಂದೊಂದು ಚಪ್ಪಾಳೆಯೂ ತಮ್ಮ ಕೆನ್ನೆಗೆ ಬಿದ್ದಂತಾಯಿತು. ಗಾಂಧಿ ಜಯಂತಿ ಬಂದರೆ ಸಮಾನತೆಯ ಮೇಲೆ ಉಪನ್ಯಾಸ ಮಾಡುತ್ತಿದ್ದವರು ಅವರು. ಚಪ್ಪಾಳೆಗಳೇನಿದ್ದರೂ ತಮ್ಮ ಪಿತ್ರಾರ್ಜಿತ ಆಸ್ತಿಯೆಂದು ತಿಳಿದಿದ್ದವರು. ಅವರ ಕೈಚೀಲದಲ್ಲಿ ಮಾತ್ರ ಒಂದು ಬೆಳ್ಳಿ ಲೋಟವೂ ಮನೆಯ ನೀರು ತುಂಬಿದ ಸೀಸೆಯೂ ಸದಾ ಇರುತ್ತಿದ್ದವು. ಯಾರಾದರೂ ಕೇಳಿದರೆ, "ವೈದ್ಯರು ಕಷಾಯ ಕೊಟ್ಟಿದಾರಪ್ಪ" ಎನ್ನುತ್ತಿದ್ದರು. ಆ ಕಷಾಯ ಮುಗಿಯದೆ ವರ್ಷಗಳೇ ಕಳೆದಿದ್ದವು.

ಪ್ರಿನ್ಸಿಪಾಲರು ಅಧ್ಯಾಪಕರ ಕೊಠಡಿಗೆ ಬಂದು ಹೇಳಿದರು: "ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಇರೋ ಹೊಸ ಹಾಸ್ಟೆಲು ಮುಂದಿನ ತಿಂಗಳು ತೆರೀತದೆ. ಅದನ್ನ ನಡೆಸೋಕೆ ಒಂದು ಸಮತಾ ಸಮಿತಿ. ಅಧ್ಯಕ್ಷರು ಯಾರಾಗಬೇಕು ಅಂತ ವಿಶ್ವವಿದ್ಯಾನಿಲಯದ ರಾಮಕ್ಕನವರು ಇವತ್ತು ಬಂದು ಹೇಳ್ತಾರೆ. ನನ್ನನ್ನ ಕೇಳಿದರೆ, ನಮ್ಮ ಶ್ಯಾಮಸುಂದರ್."

ಚಕ್ರಪಾಣಿಯವರ ಹೊಟ್ಟೆಯಲ್ಲಿ ಒಗ್ಗರಣೆ ಸಿಡಿಯಿತು.

"ನೀರು ಕುಡಿಯೋದೇನು ಮಹಾ, ಸಾರ್? ಕಾಗೆಯೂ ಕುಡಿಯುತ್ತೆ! ನಾನಾದ್ರೆ ಎಲ್ಲ ಜಾತಿ ಹುಡುಗರನ್ನೂ ನಮ್ಮನೇಲಿ ಸಾಲಾಗಿ ಕೂರಿಸಿ ಊಟ ಹಾಕ್ತೀನಿ!"

"ಭಲೇ! ಯಾವಾಗ?"

"ಯಾವಾಗ ಬೇಕಾದ್ರೂ!"

"ಹಾಗಾದ್ರೆ ಇವತ್ತು ಸಂಜೇನೇ ಆಗಲಿ. ರಾಮಕ್ಕನವರೂ ಅಲ್ಲೇ ಊಟ ಮಾಡಲಿ."

'ಯಾವಾಗ ಬೇಕಾದರೂ' ಎಂಬುದರಲ್ಲಿ 'ಇಂದು' ಎಂಬುದೂ ಅಡಕವಾಗಿದೆಯೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಅಸೂಯೆ ತಲೆಗೇರಿದ ಅಧ್ಯಾಪಕರಿಗೆ ಅದು ಮರೆತಿತ್ತು.

ಅರ್ಧ ದಿನದ ರಜೆ ಹಾಕಿ, ಸೈಕಲ್ಲಿನ ಹಿಂದೆ ಬಾಳೆ ಎಲೆಯ ಕಟ್ಟು ಹೇರಿಕೊಂಡು ಅವರು ಮನೆಗೆ ಓಡಿದರು. ಪಕ್ಕದ ಮನೆಯ ವೆಂಕಟಗಿರಿಯವರು ಪೆನ್ಷನ್ ಪಡೆದಂದಿನಿಂದ ಬೇಲಿಗೆ ಹಬ್ಬಿದ ಬಳ್ಳಿಯಂತೆ ಅಲ್ಲಿಯೇ ಇರುತ್ತಿದ್ದರು.

"ಏನು ಚಕ್ರಪಾಣಿಗಳೇ, ಎಲೆ ಜೋರಾಗಿದೆ? ತಿಥಿಯೋ, ಸೀಮಂತವೋ?"

"ಎರಡೂ ಅಲ್ಲ. ಸಹಪಂಕ್ತಿ ಭೋಜನ. ಎಲ್ಲ ಜಾತಿ ವಿದ್ಯಾರ್ಥಿಗಳೂ ಬರ್ತಾರೆ."

"ರಾಮ ರಾಮಾ! ನಿಮ್ಮನೇಗೆ? ಯಾರು ಉಣ್ತಾರ್ರೀ!" ಎಂದು ವೆಂಕಟಗಿರಿಯವರು ಒಳಗೆ ಹೋದರು. ಮರುಕ್ಷಣವೇ ಆರಾಮಕುರ್ಚಿಯನ್ನು ಹೊತ್ತು ತಂದು ಬೇಲಿಯ ಪಕ್ಕ ಹಾಕಿಕೊಂಡರು. "ನಾನು ಉಣ್ಣೋಲ್ಲಪ್ಪ. ಯಾರ್ಯಾರು ಕೆಡ್ತಾರೆ ಅಂತ ಹತ್ತಿರದಿಂದ ನೋಡ್ತೀನಿ."

ಹೆಂಡತಿ ಅನಂತಲಕ್ಷ್ಮಿ ಸುದ್ದಿ ಕೇಳಿ ಹೌಹಾರುವಳೆಂದು ಚಕ್ರಪಾಣಿಯವರು ಎಣಿಸಿದ್ದರು. ಅವಳು ಸೌಟನ್ನು ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ.

"ಎದುರುಮನೆ ಸೀತಾ ಬರ್ತಾಳಾ?"

ಸೀತಾ ಶ್ಯಾಮಸುಂದರನ ಹೆಂಡತಿ. ಆ ಮನೆಗೆ ರೇಡಿಯೋ ಬಂದಂದಿನಿಂದ ಬೀದಿಯ ಹೆಂಗಸರೆಲ್ಲರೂ ಮಧ್ಯಾಹ್ನ ಅಲ್ಲಿಯೇ ಸೇರುತ್ತಿದ್ದರು. ಅನಂತಲಕ್ಷ್ಮಿಯ ಮನೆಗೆ ಬರುತ್ತಿದ್ದುದು ಬೆಕ್ಕೊಂದೇ. ಗಂಡಹೆಂಡಿರಿಬ್ಬರೂ ಒಂದೇ ಮನೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದುದರಿಂದ ಅವರ ದಾಂಪತ್ಯ ಅನ್ಯೋನ್ಯವಾಗಿಯೇ ಇತ್ತು.

"ಬರಲಿ ಬಿಡೇ. ನೋಡಿ ಉರೀಲಿ. ಊಟ ಜಗಲೀಲೇ ಹಾಕೋಣ, ಒಳಗೆ ಯಾರೂ ಕಾಲಿಡೋದು ಬೇಡ. ಬಡಿಸೋದು ನಾನು."

"ನೀವಾ? ಉಪ್ಪಿನಕಾಯಿ ಜಾಡಿ ಎಲ್ಲಿದೆ ಅಂತ ಗೊತ್ತೇನ್ರೀ ನಿಮಗೆ?"

ಚಕ್ರಪಾಣಿಯವರು ದನಿ ತಗ್ಗಿಸಿದರು. "ಬಡಿಸೋವನು ಪಂಕ್ತೀಲಿ ಕೂರೋ ಹಾಗಿಲ್ಲ ಕಣೇ. ಸಹಪಂಕ್ತಿ ನಡೆಸಿದ ಹಾಗೂ ಆಯ್ತು, ಕೂತು ಉಣ್ಣದ ಹಾಗೂ ಆಯ್ತು."

ಓದಿದವರ ಕಪಟ ಓದದವರ ಕಪಟಕ್ಕಿಂತ ಹೇಯವಾದುದು. ಅದಕ್ಕೆ ಶಾಸ್ತ್ರದ ಅಂಚು ಕಟ್ಟಿರುತ್ತದೆ. ಆದರೆ ಅಂದು ಅದಕ್ಕೆ ಕಾಲ ಕೂಡಿಬರಲಿಲ್ಲ. ಜಗಲಿಯ ಮೇಲಿಟ್ಟ ಎಲೆಗಳಲ್ಲಿ ಅರ್ಧವನ್ನು ಮಾರೇನಹಳ್ಳಿಯ ಕಡೆಯಿಂದ ಮೇಯುತ್ತ ಬಂದ ಹಸುವೊಂದು ಯಾವ ಭೇದವನ್ನೂ ಎಣಿಸದೆ ತಿಂದುಹಾಕಿತು. ಅದನ್ನು ಅಟ್ಟಲು ಹೋದ ಚಕ್ರಪಾಣಿಯವರ ಪಂಚೆ ಬೇಲಿಯ ಮುಳ್ಳಿಗೆ ಸಿಕ್ಕಿ ಹರಿಯಿತು.

"ಎಡಗಡೆ ಇನ್ನೂ ಸಿಕ್ಕಿಕೊಂಡಿದೆ ನೋಡಿ" ಎಂದು ಕುರ್ಚಿಯಿಂದಲೇ ವೆಂಕಟಗಿರಿಯವರು ನೆರವಾದರು.

ಸಂಜೆ ಜಟಕಾ ಗಾಡಿಯಿಂದ ರಾಮಕ್ಕನವರು ಇಳಿದರು. ದಪ್ಪ ಖಾದಿ ಸೀರೆ, ದಪ್ಪ ಕನ್ನಡಕ. ಚಳವಳಿಯಲ್ಲಿ ಸೆರೆಮನೆ ಕಂಡು ಬಂದವರು. ಜೊತೆಗೆ ಪ್ರಿನ್ಸಿಪಾಲರು, ಶ್ಯಾಮಸುಂದರ, ಅಂಜಿನಯ್ಯ ಮತ್ತು ಹಲವು ವಿದ್ಯಾರ್ಥಿಗಳು. ಜಗಲಿ ಎಷ್ಟು ಕಿರಿದಾಗಿತ್ತೆಂದರೆ ಕುಳಿತವರ ಮೊಣಕಾಲು ಪಕ್ಕದವರ ಎಲೆಯ ಮೇಲಿತ್ತು. ಉಳಿದವರು ಬೀದಿಯಲ್ಲಿಯೇ ನಿಂತರು. ಗಾಳಿ ಬೀಸಿ ಪ್ರಿನ್ಸಿಪಾಲರ ಎಲೆ ಹಾರಿ ವೆಂಕಟಗಿರಿಯವರ ತೊಡೆಯ ಮೇಲೆ ಬಿತ್ತು.

"ಅಯ್ಯಯ್ಯೋ, ನಾನು ಉಣ್ಣೋಲ್ಲಾಂದ್ನಲ್ರೀ!" ಎಂದು ಅವರು ಚೀರಿದರು.

ಅದೇ ಸಮಯಕ್ಕೆ ಎದುರುಮನೆಯ ಸೀತಾ ಪಾಯಸದ ಪಾತ್ರೆ ಹಿಡಿದು ಬಂದಳು. ಜಗಲಿಯನ್ನು ನೋಡಿ ಜೇನಿನಂಥ ದನಿಯಲ್ಲಿ ಹೇಳಿದಳು: "ರಾಮಕ್ಕನವರೇ, ಪಾಪ, ಇವರಿಗೆ ಸ್ಥಳ ಸಾಲದು. ಎಲ್ಲರೂ ನಮ್ಮನೆ ಹಜಾರಕ್ಕೇ ಬಂದುಬಿಡಿ. ವಿಶಾಲವಾಗಿದೆ. ರೇಡಿಯೋನೂ ಇದೆ."

ರೇಡಿಯೋ ಎಂಬ ಮಾತು ಅನಂತಲಕ್ಷ್ಮಿಯ ಎದೆಗೆ ಕಾದ ಸಲಾಕೆಯಂತೆ ತಾಗಿತು. ಅವಳು ಬಾಗಿಲಿಗೆ ಬಂದು ನಿಂತಳು.

"ಯಾಕಮ್ಮ, ನಮ್ಮ ನಡುಮನೆಗೇನಾಗಿದೆ? ಏಳ್ರಪ್ಪ ಎಲ್ಲರೂ! ಒಳಗೆ ಬನ್ನಿ, ಒಳಗೆ ಬನ್ನಿ!"

ಚಕ್ರಪಾಣಿಯವರು ಹುಳಿಯ ಬಕೆಟ್ಟು ಹಿಡಿದು ಹೊಸಿಲಿನಲ್ಲಿ ಮುಚ್ಚಿದ ಬಾಗಿಲಿನಂತೆ ಅಡ್ಡ ನಿಂತರು. "ಲೇ, ಏನೇ ಇದು? ಜಗಲಿ ಅಂತ ಮಾತಾಗಿತ್ತಲ್ಲ..."

"ಸರೀರಿ ಅತ್ತ. ಹುಳಿ ಚೆಲ್ಲುತ್ತೆ."

ಅವರ ಸಹೋದ್ಯೋಗಿಗಳೇ ಕಾಣದಿದ್ದ ಆ ನಡುಮನೆಗೆ ಶ್ರೀಗಂಧದ ಕಾವಲಿನ ಅಂಜಿನಯ್ಯ ಮೊದಲಿಗನಾಗಿ ಕಾಲಿಟ್ಟ. ಸೀತಾ ಸಮಯ ಕಾದು ರಾಮಕ್ಕನವರ ಬಲಕ್ಕೆ ಕುಳಿತುಬಿಟ್ಟಳು. ಅನಂತಲಕ್ಷ್ಮಿ ಬಿಡುವಳೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಕ್ಕೆ ಕುಳಿತಳು. ತನ್ನ ಇನ್ನೊಂದು ಪಕ್ಕದ ಎಲೆಗೆ ಅಂಜಿನಯ್ಯನನ್ನು ಕರೆದಳು. ಗಂಡಸರ ಊಟ ಮುಗಿಯುವ ಮೊದಲು ಅವಳು ಎಲೆಯ ಮುಂದೆ ಕುಳಿತದ್ದು ಮದುವೆಯಾದ ಮೇಲೆ ಅದೇ ಮೊದಲು.

"ರೀ, ನಿಂತಿದೀರಲ್ಲ? ಬಡಿಸಿ. ಅಂಜಿನಯ್ಯಂಗೆ ತುಪ್ಪ."

ಊಟ ನಡೆಯಿತು. ಲೋಟಗಳು ಸಾಲಲಿಲ್ಲ. ಅನಂತಲಕ್ಷ್ಮಿ ಎಡಗೈ ಚಾಚಿ ಗೂಟದಲ್ಲಿ ನೇತಾಡುತ್ತಿದ್ದ ಗಂಡನ ಕೈಚೀಲದಿಂದ ಬೆಳ್ಳಿ ಲೋಟವನ್ನು ತೆಗೆದು, ನೀರು ತುಂಬಿಸಿ ರಾಮಕ್ಕನವರ ಮುಂದಿಟ್ಟಳು. ಅವರು ಕಚ್ಚಿಕೊಂಡೇ ಕುಡಿದು ಅಂಜಿನಯ್ಯನಿಗೆ ದಾಟಿಸಿದರು. ಅವನೂ ಕಚ್ಚಿಕೊಂಡೇ ಕುಡಿದ. ಚಕ್ರಪಾಣಿಯವರು ಸೌಟಿನ ಹುಳಿಯನ್ನು ಎಲೆ ಬಿಟ್ಟು ನೆಲಕ್ಕೆ ಬಡಿಸಿದರು.

ಅಂಜಿನಯ್ಯ ಲೋಟವನ್ನು ತಿರುಗಿಸಿ ನೋಡಿ, "ಸಾರ್, ಇದು ನಿಮ್ಮ ಕಷಾಯದ ಲೋಟ ಅಲ್ವಾ?" ಎಂದ.

"ಯಾವ ಕಷಾಯನಪ್ಪ?" ಎಂದಳು ಅನಂತಲಕ್ಷ್ಮಿ. "ದಿನಾ ನಮ್ಮನೆ ಕೊಳಾಯಿ ನೀರೇ ಒಯ್ತಾರೆ."

"ಹಾಗಾದ್ರೆ ಕಾಯಿಲೆ ದೊಡ್ಡದೇ ಇದ್ದಿರಬೇಕು" ಎಂದ ಅಂಜಿನಯ್ಯ. ಪ್ರಿನ್ಸಿಪಾಲರಿಗೆ ನಗು ತಡೆಯದೆ ಸಾರು ನೆತ್ತಿಗೇರಿತು.

ರಾಮಕ್ಕನವರು ಮಾತ್ರ ನಗಲಿಲ್ಲ. "ನೀವು ಕೂರಲಿಲ್ಲವಲ್ಲ, ಚಕ್ರಪಾಣಿಯವರೇ?"

"ತಾಯಿ, ಬಡಿಸುವುದು ಸೇವೆ. ನನಗೆ ಸೇವೆಯೇ ಊಟ."

"ಸಂತೋಷ" ಎಂದು ಅವರು ಕೈ ತೊಳೆದು ಬಂದು ನಿಂತರು. "ರೇವಣಸಿದ್ದಪ್ಪನವರೇ, ನಾನು ಬೇಕಾದಷ್ಟು ಭಾಷಣ ಕೇಳಿದೀನಿ. ಜಗಲಿಯಿಂದ ನಡುಮನೆಗೆ ಕರೆಯೋರನ್ನ ಕಂಡಿದ್ದು ಕಡಿಮೆ. ಸಮಿತಿಯ ಅಧ್ಯಕ್ಷತೆ ಈ ಮನೆಗೇ ಸಲ್ಲಬೇಕು."

ಚಕ್ರಪಾಣಿಯವರ ಎದೆ ಪೂರಿಯಂತೆ ಉಬ್ಬಿತು. ಹರಿದ ಪಂಚೆಯನ್ನು ಸರಿಪಡಿಸಿಕೊಂಡು, ಶ್ಯಾಮಸುಂದರನ ಕಡೆಗೊಂದು ಕನಿಕರದ ನೋಟ ಬೀರಿ, ಕೈಮುಗಿದು ಎರಡು ಹೆಜ್ಜೆ ಮುಂದೆ ಬಂದರು.

"ಅನಂತಲಕ್ಷ್ಮಮ್ಮನವರೇ, ಒಪ್ಪಿಕೊಳ್ಳಬೇಕು" ಎಂದರು ರಾಮಕ್ಕನವರು.

ಅನಂತಲಕ್ಷ್ಮಿ ಸೀತಾಳ ಮುಖವನ್ನೊಮ್ಮೆ ನೋಡಿದಳು. ಒಪ್ಪಿಕೊಳ್ಳಲು ಅಷ್ಟೇ ಸಾಕಾಯಿತು.

"ಇನ್ನು ಚಕ್ರಪಾಣಿಯವರದು ಸೇವಾಭಾವ" ಎಂದು ರಾಮಕ್ಕನವರು ಮುಂದುವರಿಸಿದರು. "ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಸಹಪಂಕ್ತಿ ಆಗಲಿ. ಬಡಿಸೋ ಹೊಣೆ ಇವರದು."

"ಬಡಿಸಿದವರೂ ಕೊನೇಲಿ ಅಲ್ಲೇ ಕೂತು ಉಣ್ಣಬೇಕು ಅಂತ ನಿಯಮ ಮಾಡೋಣ" ಎಂದಳು ನೂತನ ಅಧ್ಯಕ್ಷೆ. "ಮನೇಗೆ ಬಂದು ಮತ್ತೆ ಒಲೆ ಹಚ್ಚು ಅಂದ್ರೆ ನನಗಾಗೋಲ್ಲ. ಈ ಲೋಟಾನೂ ಕಾಲೇಜಿನ ಗುಡಾಣಕ್ಕೇ ಇರಲಿ. ನಮ್ಮನೆ ಕಾಣಿಕೆ."

ಚಪ್ಪಾಳೆ ಜೋರಾಗಿತ್ತು. ಬೇಲಿಯಾಚೆಯಿಂದ ವೆಂಕಟಗಿರಿಯವರೂ ತಟ್ಟಿದರು. ಅವರ ಒಂದು ಕೈಯಲ್ಲಿ ಸೀತಾಳ ಪಾಯಸವಿದ್ದುದರಿಂದ ತೊಡೆಗೆ ತಟ್ಟಿಕೊಂಡರು.

ಹೊರಡುವಾಗ ಶ್ಯಾಮಸುಂದರ ಚಕ್ರಪಾಣಿಯವರನ್ನು ಪಕ್ಕಕ್ಕೆ ಕರೆದ. "ದೊಡ್ಡ ಉಪಕಾರ ಮಾಡಿದ್ರಿ ಸಾರ್. ಆ ಅಧ್ಯಕ್ಷಗಿರಿ ನನ್ನ ಕೊರಳಿಗೆ ಬೀಳುತ್ತೇಂತ ಹೆದರಿದ್ದೆ. ನಿಜ ಹೇಳ್ತೀನಿ, ಬೆಳಿಗ್ಗೆ ಸೀತಾ ಮಾಡಿದ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಗಂಟಲು ಒಣಗಿ ಪ್ರಾಣ ಹೋಗ್ತಿತ್ತು. ಆ ಹೊತ್ತಲ್ಲಿ ಯಾವ ಮಡಕೆ ನೀರಾದ್ರೂ ಕುಡೀತಿದ್ದೆ."

ಮರುದಿನ ಚಕ್ರಪಾಣಿಯವರು ಸತತವಾಗಿ ಪಾಠ ಮಾಡಿ ಹೊರಬಂದಾಗ ನಾಲಿಗೆ ಅಂಗುಳಿಗೆ ಅಂಟಿತ್ತು. ಕೈಚೀಲದಲ್ಲಿ ಲೋಟವಿರಲಿಲ್ಲ, ಸೀಸೆಯನ್ನು ತುಂಬಿಸಬೇಕಾದ ಅಧ್ಯಕ್ಷರು ಬೆಳಿಗ್ಗೆಯೇ ಹಾಸ್ಟೆಲು ನೋಡಲು ಹೋಗಿದ್ದರು. ಹಜಾರದ ಗುಡಾಣದ ಮೇಲೆ, ಸಣ್ಣ ಸರಪಳಿಗೆ ಕಟ್ಟಿದ ಬೆಳ್ಳಿ ಲೋಟ ಮಿರಮಿರನೆ ಹೊಳೆಯುತ್ತಿತ್ತು. ಅದರ ಮುಂದೆ ಸಾಲು ನಿಂತಿತ್ತು. ಅವರು ಸಾಲಿನ ಕೊನೆಯಲ್ಲಿ ನಿಂತರು.

ಅವರ ಮುಂದೆಯೇ ನಿಂತಿದ್ದ ಅಂಜಿನಯ್ಯ ತನ್ನ ಸರದಿ ಬಂದಾಗ ಕುಡಿದು, ಮತ್ತೆ ಮೊಗೆದು ಅವರ ಕಡೆ ಚಾಚಿದ.

"ಕಷಾಯ, ಸಾರ್."

ಸರಪಳಿ ಗಿಡ್ಡವಾಗಿತ್ತು, ಲೋಟವನ್ನು ಎತ್ತಿ ಸುರಿದುಕೊಳ್ಳುವಂತಿರಲಿಲ್ಲ. ಚಕ್ರಪಾಣಿಯವರು ಬಗ್ಗಿ, ಕಣ್ಣು ಮುಚ್ಚಿ, ಕಚ್ಚಿಕೊಂಡೇ ಕುಡಿದರು. ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು, ಆಸೆಯಿಂದ ಸುತ್ತ ನೋಡಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ.