ಕಡಲಿಗೊಂದು ಕಬ್ಬಿಣದ ಗೇಟು

ಕಳಂಬೋಲಿಯಲ್ಲಿ ಕಬ್ಬಿಣ ಮಾರಿ ಬದುಕುವ ನನ್ನಂಥವನಿಗೆ ಸಮುದ್ರದ ಗಾಳಿ ಎಂದರೆ ತುಕ್ಕು. ಆದರೂ ಕೋಪರಖೈರಣೆಯ ಫ್ಲ್ಯಾಟಿನ ಕಿಟಕಿಯಿಂದ ಎದುರುಮನೆಯವರ ಒಣಹಾಕಿದ ಬಟ್ಟೆಯನ್ನೇ ನೋಡಿ ನೋಡಿ ಬೇಸತ್ತು, ಉರಣದಾಚೆಯ ಕಡಲತಡಿಯಲ್ಲಿ ಒಂದು ತುಂಡು ಜಾಗ ಕೊಂಡೆ. ಸ್ವಂತ ಮನೆ, ಸ್ವಂತ ಜಗಲಿ, ಎದುರಿಗೆ ಸ್ವಂತ ಸಮುದ್ರ. (ಕೊನೆಯದು ಕ್ರಯಪತ್ರದಲ್ಲಿ ಇರಲಿಲ್ಲ, ನಾನೇ ಸೇರಿಸಿಕೊಂಡದ್ದು.)

ಅಳತೆಯವರು ಬರುವ ಮೊದಲೇ ಬೇಲಿ ಹಾಕಿಬಿಡಬೇಕೆಂಬುದು ನನ್ನ ವ್ಯಾಪಾರಸೂತ್ರ. ಗಟ್ಟಿ ಬೇಲಿ ಕಂಡರೆ ಅಳತೆಯ ಟೇಪಿಗೂ ಸ್ವಲ್ಪ ದಾಕ್ಷಿಣ್ಯ ಬರುತ್ತದೆ. ದಲ್ಲಾಳಿ ಲೀಲಾಧರ ಗಾಳಿಮರಗಳ ಸಾಲಿನಿಂದ ಅಲೆಯವರೆಗೆ ಕೈಬೀಸಿ ತೋರಿಸಿದ್ದಕ್ಕೆಲ್ಲ ತಂತಿ ಬಿಗಿಸಿ, ಯಾವನೋ ಗಿರಾಕಿ ಬಿಟ್ಟುಹೋಗಿದ್ದ ಬಂಗಲೆ ಗೇಟೊಂದನ್ನು ಅಂಗಡಿಯಿಂದ ಟೆಂಪೋದಲ್ಲಿ ತಂದು ನಿಲ್ಲಿಸಿದೆ. ನಡುವೆ ಕಡಲಿಗಿಳಿಯುವ ಕಾಲುದಾರಿಯೊಂದಿತ್ತು. ಬೀಗ ಬಿದ್ದದ್ದು ಅದಕ್ಕೇ.

ಮುಂದಿನ ಭಾನುವಾರ ಗೇಟಿನೆದುರು ಮೀನಿನ ಬುಟ್ಟಿ ಹೊತ್ತು ನಿಂತಿದ್ದಳು, ಪಕ್ಕದ ಮನೆಯ ಚಂದ್ರಬಾಯಿ.

“ಕ್ಯಾ ಶೇಟ್, ಸಮಿಂದರ್ ಭೀ ಖರೀದ್ ಲಿಯಾ?” ಸಮುದ್ರವನ್ನೂ ಕೊಂಡುಬಿಟ್ಟಿರಾ ಎಂದು ಅವಳ ಪ್ರಶ್ನೆ.

“ಜಾಗಾ ಮೇರಾ ಹೈ, ಬಾಯಿ.”

“ರಾಸ್ತಾ ಪಬ್ಲಿಕ್ ಕಾ ಹೈ.”

“ಇಧರ್ ಪಬ್ಲಿಕ್ ಕೋಯೀ ನಹೀಂ. ಸಿರ್ಫ್ ಮಾಲಿಕ್ ಹೈ.” ಇಲ್ಲಿ ಪಬ್ಲಿಕ್ ಯಾರೂ ಇಲ್ಲ, ಇರುವುದು ಮಾಲೀಕ ಮಾತ್ರ, ಎಂದುಬಿಟ್ಟೆ.

ವಿಮಲಾ (ನನ್ನ ಧರ್ಮಪತ್ನಿ, ಆ ಕ್ಷಣದಿಂದ ಎದುರು ಪಕ್ಷದ ವಕೀಲೆ) ಬಾಯಿ ಹಾಕಿದಳು. “ಬೀಗ ತೆಗೀರಿ ಮಾರಾಯ್ರೆ. ಊರಲ್ಲಿ ನಿಮ್ಮ ಅಪ್ಪ ಬಲೆಯವರಿಗೆ ಅಂಗಳದಲ್ಲೇ ದಾರಿ ಬಿಟ್ಟಿರಲಿಲ್ವಾ?”

“ಬಿಟ್ಟಿದ್ದರು. ಅದಕ್ಕೇ ವರ್ಷವಿಡೀ ಮನೆಯೆಲ್ಲ ಮೀನಿನ ವಾಸನೆ.”

“ಆ ವಾಸನೆ ಬಾರದಿದ್ರೆ ನಿಮಗೆ ಊಟ ಸೇರುವುದುಂಟಾ?”

ನಾನು ಜಗ್ಗಲಿಲ್ಲ. ಅಂದಿನಿಂದ ಬಂಗುಡೆ ಸಾರಿನ ಸಿಂಹಾಸನಕ್ಕೆ ಸೋರೆಕಾಯಿಯ ಪಟ್ಟಾಭಿಷೇಕವಾಯಿತು. ಸೋರೆಕಾಯಿ ನುಂಗಿದೆ, ಬೀಗದ ಕೈ ಕೊಡಲಿಲ್ಲ.

ಅಳತೆಯವರು ಬಂದರು. ಟೇಪು ನನ್ನ ಬೇಲಿಗೆ ಯಾವ ದಾಕ್ಷಿಣ್ಯವನ್ನೂ ತೋರದೆ ಗಾಳಿಮರಗಳ ಹಿಂದಕ್ಕೆ ಹೋಯಿತು, ಇನ್ನೂ ಹಿಂದಕ್ಕೆ ಹೋಯಿತು, ಮುಳ್ಳುಪೊದೆಯೊಂದರ ಬಳಿ ನಿಂತಿತು.

“ಒಳ್ಳೆ ಸುದ್ದಿ ಶೇಟ್,” ಎಂದರು ಸಾಹೇಬರು. “ಕಡಲ ಬಳಿ ಮನೆ ಕಟ್ಟಬಾರದೆಂಬ ಕಾನೂನು ನಿಮಗೆ ತಾಗುವುದೇ ಇಲ್ಲ. ನಿಮ್ಮ ಜಾಗ ಕಡಲಿನಿಂದ ಅಷ್ಟು ದೂರ.”

“ಮತ್ತೆ ಈ ಬೇಲಿ?”

“ಅದು ಚಂದ್ರಬಾಯಿಯ ಜಮೀನಿಗೆ ಹಾಕಿಸಿಕೊಟ್ಟಿದ್ದೀರಿ. ಕೆಲಸ ಗಟ್ಟಿಯಾಗಿದೆ. ದಾರಿಯೂ ಅವರದೇ, ಅತ್ತೆಯ ಕಾಲದಿಂದ ಊರಿಗೆಲ್ಲ ಬಿಟ್ಟಿದ್ದಾರೆ.”

ಛಲ ಬಿಡದೆ ಮನೆ ಕಟ್ಟಿಸಿದೆ. ಜಗಲಿಯಲ್ಲಿ ಕೂತರೆ ಮುಳ್ಳುಪೊದೆಯ ವಿಹಂಗಮ ದೃಶ್ಯ. ಕಡಲು ನೋಡಬೇಕೆಂದರೆ ಆ ಗೇಟನ್ನೇ ದಾಟಬೇಕು. ತಂತಿ ಬಿಚ್ಚಿಸಿದ ಚಂದ್ರಬಾಯಿ ಗೇಟನ್ನು ಮಾತ್ರ ಚೆಂದ ಉಂಟೆಂದು ಉಳಿಸಿಕೊಂಡಿದ್ದಾಳೆ. ದಿನವಿಡೀ ಅದು ಊರಿಗೆಲ್ಲ ತೆರೆದೇ ಇರುತ್ತದೆ. ನನ್ನ ಚಪ್ಪಲಿಯ ಸದ್ದು ಕೇಳಿದಾಗ ಮಾತ್ರ ಚಿಲಕ ಬೀಳುತ್ತದೆ.

ಗೇಟಿನ ಪಕ್ಕ ಎಲ್ಲಿಂದ ಬೇಕಾದರೂ ನುಸುಳಬಹುದು. ಆದರೆ ಒಳಗೆ ಚಂದ್ರಬಾಯಿಯ ಜೊತೆ ಬಂಗುಡೆ ಆರಿಸುತ್ತ ಕೂತಿರುವವಳು ವಿಮಲಾ. ನುಸುಳಿದವನಿಗೆ ಸೋರೆಕಾಯಿಯೇ ಗತಿ. ಹಾಗಾಗಿ ನನ್ನದೇ ಗೇಟನ್ನು ನಾನೇ ತಟ್ಟುತ್ತೇನೆ.

“ಕೌನ್?”

ಇಬ್ಬರು ಹೆಂಗಸರೂ ನಗು ತಡೆದುಕೊಂಡು ಉತ್ತರಕ್ಕೆ ಕಾಯುತ್ತಾರೆ.

“ಪಬ್ಲಿಕ್,” ಎನ್ನುತ್ತೇನೆ.