ರಾಜರ ಊರಿಗೆ ಸಿಗ್ನಲ್ ಹಾಕಿದ್ದು

ಅರಮನೆಯ ಕೆಲಸ ಒಪ್ಪಿಕೊಂಡವರು ನಗೋದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಮೀಟಿಂಗಿಗೆ ಕೂತರೆ ಸಾಕು. ಕೋವಿಡ್ ಮುಗಿದು ಆಫೀಸು ತೆರೆದ ಹೊತ್ತಿಗೆ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದ ನಮ್ಮ ಸಣ್ಣ ಕಂಪನಿಗೆ ಒಂದು ಕೊಲ್ಲಿ ರಾಜ್ಯದ ಪ್ರಾಜೆಕ್ಟ್ ಸಿಕ್ಕಿತು. ಎಣ್ಣೆಯನ್ನೇ ನಂಬಿಕೊಂಡು ಎಷ್ಟು ಕಾಲ ಇರೋದು ಅಂತ ಅಲ್ಲಿನ ಅರಸರು ಮರಳುಗಾಡಿನಲ್ಲಿ ಹೊಸ ಊರು ಕಟ್ಟಿಸುತ್ತಿದ್ದರು. ಅದರ ಆ್ಯಪ್ ಮತ್ತು ಟ್ರಾಫಿಕ್ ಸಿಗ್ನಲ್ ನಮ್ಮ ಪಾಲಿಗೆ. ಕೈತಪ್ಪಿದರೆ ಕಂಪನಿಗೆ ಬೀಗ.

೧. ಬಟನ್

ಜನ ದೂರು ಕೊಡಲಿ ಅಂತ ಆ್ಯಪಿನಲ್ಲೊಂದು ಬಟನ್ ಇಟ್ಟಿದ್ದೆ. ವಿಡಿಯೋ ಕಾಲಿನಲ್ಲಿ ಅರಮನೆಯ ಅಧಿಕಾರಿ, ಬಹಳ ಸಭ್ಯ ಮನುಷ್ಯ, ಅದನ್ನು ತೆಗೆಸಿದರು.

"ನಮ್ಮಲ್ಲಿ ದೂರು ಇಲ್ಲ. 'ಧನ್ಯವಾದ' ಅಂತ ಹಾಕಿ."

"ನಲ್ಲೀಲಿ ನೀರು ಬರದಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತೆ ಸರ್?"

"ಆ ಬೀದಿಯಿಂದ ಧನ್ಯವಾದ ಕಡಿಮೆ ಬರುತ್ತಲ್ಲ!"

೨. ಫ್ರೀವೇ

ಮುಂದೆ ಅದೇ ಅಧಿಕಾರಿ ಸೆಮಿನಾರಿಗೆಂದು ಸ್ಯಾನ್ ಡಿಯಾಗೋಗೆ ಬಂದರು. ಅಲ್ಲಿಂದ ನಮ್ಮ ಆಫೀಸಿಗೆ ನಾನೇ ಡ್ರೈವ್ ಮಾಡಿಕೊಂಡು ಕರೆತಂದೆ. ಲಾಸ್ ಏಂಜಲೀಸ್ ಹತ್ತಿರವಾಗಿದ್ದೇ ತಡ, ಫ್ರೀವೇ ಅನ್ನೋ ಆ ಹೆದ್ದಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ಕಾರುಗಳು ಗಪ್ಪನೆ ನಿಂತವು. ಅವರು ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು.

"ಯಾರ ಸವಾರಿ ಬರ್ತಿದೆ?"

"ಯಾರದೂ ಇಲ್ಲ ಸರ್. ದಿನಾ ಹೀಗೇ."

ಕಿಟಕಿಯಾಚೆ ನೋಡುತ್ತಾ, ತುಸು ಹೊಟ್ಟೆಕಿಚ್ಚಿನಿಂದಲೇ ಅಂದರು: "ಯಾರೂ ಬರದಿದ್ದರೂ ಇಷ್ಟು ಶಿಸ್ತಾಗಿ ನಿಂತಿದ್ದಾರಾ!"

೩. ಎರಡು ಸವಾರಿ

ಕೊನೆಯ ಡೆಮೊ, ಮತ್ತೆ ವಿಡಿಯೋ ಕಾಲಿನಲ್ಲೇ. ಇದಕ್ಕೆ ಒಪ್ಪಿಗೆ ಸಿಕ್ಕರೆ ನಮ್ಮೆಲ್ಲರ ಕೆಲಸ ಉಳಿದಂತೆ. ರಾಜಮನೆತನದ ಕಾರು ಬಂದರೆ ಸಿಗ್ನಲ್ ತಾನಾಗೇ ಹಸಿರಾಗುವುದನ್ನು ತೋರಿಸಿದೆ. ಅಧಿಕಾರಿ ಖುಷಿಯಾದರು. ಅಷ್ಟಕ್ಕೇ ಸುಮ್ಮನಿರಬೇಕಿತ್ತು; ನನ್ನ ಬಾಯಿ ಕೇಳಲಿಲ್ಲ.

"ಸರ್, ಒಂದೇ ಸರ್ಕಲ್ಲಿಗೆ ಎರಡು ಕಡೆಯಿಂದ ಇಬ್ಬರು ರಾಜಕುಮಾರರು ಬಂದರೆ?"

"ಹಿರಿಯರು ಮೊದಲು."

"ಪಟ್ಟ ಕಿರಿಯರದಾಗಿದ್ದರೆ?"

ಅಧಿಕಾರಿ ಮೈಕ್ ಮ್ಯೂಟ್ ಮಾಡಿ ಎದ್ದೇ ಹೋದರು. ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ್, ಧಾರವಾಡದವರು, ತಲೆ ಮೇಲೆ ಕೈ ಹೊತ್ತರು. "ನಿಮಗ್ಯಾಕ್ರಿ ಬೇಕಿತ್ತು ಈ ಉಸಾಬರಿ? ಎಲ್ಲಾರೂ ಮನೀಗೆ ಹೋಗೋಣ ನಡೀರಿ!"

ವಾರವಿಡೀ ಸುದ್ದಿಯಿಲ್ಲ. ಆಮೇಲೆ ಅರಮನೆಯಿಂದ ಹೊಸ ನಕ್ಷೆ ಬಂತು: ಸರ್ಕಲ್ಲನ್ನೇ ತೆಗೆದು ಫ್ಲೈಓವರ್ ಹಾಕಿದ್ದರು. ಇನ್ನು ಯಾವ ರಾಜಕುಮಾರರೂ ಯಾರಿಗೂ ಕಾಯಬೇಕಿಲ್ಲ. ಪ್ರಾಜೆಕ್ಟ್ ಉಳಿಯಿತೆಂದು ಮ್ಯಾನೇಜರ್ ಆಫೀಸಿಗೆಲ್ಲ ಪೇಡೆ ಹಂಚಿದರು. ಅದು ಇನ್ನೂ ಬಾಯಲ್ಲಿರುವಾಗಲೇ ಅಧಿಕಾರಿಯ ಫೋನ್ ಬಂತು. ದನಿ ಬಹಳ ಸಣ್ಣಗಾಗಿತ್ತು.

"ಇಲ್ಲಿ ಒಂದು ಪುಟ್ಟ ಪ್ರಶ್ನೆ ಎದ್ದಿದೆ. ಮೇಲೆ ಹೋಗೋರು ಯಾರು, ಕೆಳಗೆ ಹೋಗೋರು ಯಾರು?"