ಗೆರೆ ಬೀಳದ ಮೆಟ್ಟಿಲು

ಬೆಳಿಗ್ಗೆ ಫೋಟೋಗೆ ಕಟ್ಟು ಹಾಕುವ ತನ್ನ ಅಂಗಡಿ ತೆರೆಯಲು ಬಂದ ಫ್ರೇಮಣ್ಣ ಬೀಗಕ್ಕೆ ಕೈ ಹಾಕದೆ ಸಾಲಿನುದ್ದಕ್ಕೂ ನೋಡಿದ. ಉಳಿದ ಹತ್ತೂ ಅಂಗಡಿಗಳ ಮೆಟ್ಟಿಲ ಮೇಲೆ ನಗರಸಭೆಯವರು ಕೆಂಪು ಗೆರೆ ಎಳೆದು ಹೋಗಿದ್ದರು. ಫುಟ್‌ಪಾತ್ ಒತ್ತುವರಿಯಂತೆ, ಒಡೆಯುತ್ತಾರಂತೆ. ಕೊನೆಯಲ್ಲಿದ್ದ ಅವನ ಮೆಟ್ಟಿಲು ಮಾತ್ರ ತೊಳೆದಿಟ್ಟ ತಟ್ಟೆಯಂತಿತ್ತು.

"ಆಳೋ ಪಕ್ಷದೋರು ಅಂದ್ರೆ ಸುಮ್ನೇನಾ!" ಎಂದ ಪಕ್ಕದ ಗಡಿಯಾರ ರಿಪೇರಿಯವ.

"ನಾನ್ಯಾವ ಪಕ್ಷಾನೂ ಅಲ್ಲ ಕಣ್ರೀ!"

"ಮತ್ತೆ ಒಳಗೆ ಗೋಡೇಲಿ ನಗ್ತಿರೋ ಪಕ್ಷದ ಅಧ್ಯಕ್ಷರು ನಿಮ್ಮ ಮಾವನಾ?" ಎಂದಳು ಔಷಧಿ ಅಂಗಡಿಯಕ್ಕ.

ಯಾರೋ ಕಟ್ಟು ಹಾಕಲು ಕೊಟ್ಟು ಮರೆತ ಫೋಟೋ ಅದು. ಹೇಳಿದರೆ ಕೇಳುವವರಾರು? ಮಧ್ಯಾಹ್ನದೊಳಗೆ ಸುದ್ದಿ ರಸ್ತೆ ದಾಟಿತು. ಮದುವೆ ಫೋಟೋ ಕೊಟ್ಟಿದ್ದ ದಂಪತಿ ಪಕ್ಷದವರ ಸಹವಾಸ ಬೇಡವೆಂದು ಅರ್ಧ ಕೆಲಸದಲ್ಲೇ ಅದನ್ನು ಕಿತ್ತುಕೊಂಡು ಹೋದರು. ಹದಿನೆಂಟು ವರ್ಷದ ಅಂಗಡಿ, ಹೀಗೇ ಆದರೆ ನೊಣ ಹೊಡೆಯುವುದೇ ಗತಿ. ಫ್ರೇಮಣ್ಣ ಟೇಪು ತಂದು ಅಳೆದ. ಅವನ ಮೆಟ್ಟಿಲು ಎಲ್ಲರದಕ್ಕಿಂತ ಒಂದು ಗೇಣು ಮುಂದೆಯೇ ಇತ್ತು!

"ನಂದಕ್ಕೂ ಗೆರೆ ಹಾಕಿಸ್ಕೊಂಡು ಬರ್ತೀನಿ" ಎಂದು ಹೆಂಡತಿಗೆ ಫೋನ್ ಮಾಡಿದ.

"ದಾರೀಲಿ ಹೋಗೋ ಮಾರೀನ ಮನೇಗೆ ಕರೀಬೇಡ್ರಿ!"

ಅವನು ಕೇಳಬೇಕಲ್ಲ.

ನಗರಸಭೆಯ ಇಂಜಿನಿಯರು ಅವನ ಅರ್ಜಿಯನ್ನು ಎರಡು ಸಲ ಓದಿದರು. "ಒಡೀಬೇಡಿ ಅಂತ ಅತ್ತೋರನ್ನ ಬೇಕಾದಷ್ಟು ನೋಡಿದೀನಿ. ಒಡೀರಿ ಅಂತ ಬಂದೋರು ನೀವೇ ಮೊದ್ಲು" ಎಂದು ಸೀಲು ಒತ್ತಿದರು.

"ಪಕ್ಷ ನೋಡಿ ನನ್ನ ಬಿಟ್ರಿ ಅಂತಾರೆ ಸಾರ್ ಜನ."

"ಅದಕ್ಕೆಲ್ಲ ನಮಗೆಲ್ಲಿ ಪುರುಸೊತ್ತು? ನಕ್ಷೇಲಿ ಇದ್ದಿದ್ದಕ್ಕೆ ಗೆರೆ ಹಾಕ್ತೀವಿ, ಅಷ್ಟೆ." ನಕ್ಷೆ ಬಿಚ್ಚಿ ಬೆರಳಿಟ್ಟು ಎಣಿಸಿದವರು ಹತ್ತಕ್ಕೇ ನಿಂತರು. "ಅರೆ! ಇಲ್ಲಿ ಹತ್ತೇ ಅಂಗಡಿ. ನೀವು ಹೇಳೋ ಜಾಗ ರಸ್ತೆ."

ಫ್ರೇಮಣ್ಣ ನಕ್ಷೆಯ ಮೇಲೆ ಬಾಗಿದ. "ಹದಿನೆಂಟು ವರ್ಷದಿಂದ ತೆರಿಗೆ ಕಟ್ತಿದೀನಿ ಸಾರ್!"

"ಅದು ಬೇರೆ ವಿಭಾಗ."

"ಅರ್ಜಿ ವಾಪಸ್ ಕೊಟ್ಬಿಡಿ ಸಾರ್, ದಮ್ಮಯ್ಯ!"

"ಸೀಲ್ ಬಿತ್ತಲ್ಲ."

ಸಂಜೆಗೆ ಕೆಂಪು ಬಣ್ಣದ ಡಬ್ಬ ಬಂದೇ ಬಂತು. ಈ ಸಲ ಗೆರೆ ಮೆಟ್ಟಿಲಿಂದ ಹೊರಟು ಹಿಂದಿನ ಗೋಡೆಯವರೆಗೂ ಹೋಯಿತು. ಇಡೀ ಸಾಲು ಬೆಕ್ಕಸ ಬೆರಗಾಗಿ ನಿಂತಿತು. ತನ್ನ ಮಾತನ್ನು ಇನ್ನಾದರೂ ನಂಬುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ ಎಂದು ಫ್ರೇಮಣ್ಣ ಅಳುಮೋರೆಯಲ್ಲಿ ಅವರತ್ತ ತಿರುಗಿದ.

ಔಷಧಿ ಅಂಗಡಿಯಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ನಮಗೆ ಬರೀ ಮೆಟ್ಲು, ಇವ್ರಿಗೆ ಇಡೀ ಅಂಗಡಿ! ಅಯ್ಯಯ್ಯೋ, ಇವ್ರು ವಿರೋಧ ಪಕ್ಷದ ದೊಡ್ಡ ಕುಳಾನೇ ಇರ್ಬೇಕು!"

"ಇವ್ರ ಜೊತೆ ಮಾತಾಡಿದ್ದು ಯಾರಾದ್ರೂ ನೋಡಿದ್ರೆ ನಮ್ಗೂ ಇದೇ ಗತಿ" ಎನ್ನುತ್ತ ಗಡಿಯಾರ ರಿಪೇರಿಯವ ಶಟರ್ ಎಳೆದುಕೊಂಡ. ನೋಡನೋಡುತ್ತ ಉಳಿದ ಒಂಬತ್ತೂ ಶಟರುಗಳು ಕೆಳಗಿಳಿದವು.